ಭಾನುವಾರದ ಸೊನ್ನೆಗಳು

ಕಾಡಿಗೆ ಹೋಗಿ ಏನನ್ನೂ ನೋಡದೆ ಬರುವುದಕ್ಕೂ ಒಂದು ಪದ್ಧತಿ ಇದೆ, ಅದನ್ನೂ ಕಲಿಯಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ನಲವತ್ತೊಂದನೇ ವಯಸ್ಸಿನಲ್ಲಿ. ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಗ್ಗೆಯಿಂದ ಸಂಜೆಯವರೆಗೆ ಯಾರ್‍ಯಾರದೋ ರಕ್ತ, ಯಾರ್‍ಯಾರದೋ ಕಫ. ಮನೆ ದಾದರಿನಲ್ಲಿ, ಹಳೆಯ ಚಾಳೊಂದರ ಎರಡನೇ ಮಾಳಿಗೆಯಲ್ಲಿ. ಅಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲಿನ ಅಡುಗೆಮನೆಯಲ್ಲೇ ಆಯುಷ್ಯ ಸವೆಸಿದವರು. ಅವರು ತೀರಿಕೊಂಡ ಮೇಲೆ ನಮ್ಮಿಬ್ಬರಿಗೂ ಭಾನುವಾರಗಳು ಉದ್ದವಾಗಿಬಿಟ್ಟವು. ಅಮ್ಮ ಸೀರಿಯಲ್ಲುಗಳ ಮೊರೆ ಹೋದಳು. ನಾನು ಪೇಪರಿನಲ್ಲಿ ಜಾಹೀರಾತು ನೋಡಿ, ಕಾಡುಪ್ರಾಣಿಗಳ ಸಮೀಕ್ಷೆ ಮಾಡುವ ಕ್ರಮ ಕಲಿಸುವ ಎಂಟು ಭಾನುವಾರಗಳ ಕೋರ್ಸಿಗೆ ಸೇರಿಕೊಂಡೆ.

"ಎಂತ ಮಾರಾಯ್ತಿ, ಹುಲಿ ಎಣಿಸ್ಲಿಕ್ಕೆ ಹೋಗುದಾ ನೀನು?" ಎಂದಳು ಅಮ್ಮ.

"ಹುಲಿ ಇಲ್ಲಮ್ಮ ಇಲ್ಲಿ. ಚಿರತೆ ಉಂಟು."

"ಎರಡೂ ಒಂದೇ. ಅವಲಕ್ಕಿ ಕಟ್ಟಿ ಕೊಡ್ತೇನೆ, ತಕೊಂಡು ಹೋಗು."

ಪಾಠ ಹೇಳುವ ಸರ್ ಮೈಸೂರು ಕಡೆಯವರು. ಅರವತ್ತು ದಾಟಿತ್ತು. ಜೀವಮಾನವಿಡೀ ಕಾಡುಗಳಲ್ಲಿ ಅಳತೆಪಟ್ಟಿ ಹಿಡಿದು ಅಲೆದು, ಮೊಣಕಾಲು ಕೈಕೊಟ್ಟ ಮೇಲೆ ಬಾಂದ್ರಾದಲ್ಲಿರುವ ಮಗಳ ಮನೆಗೆ ಬಂದು ಕೂತವರು. ನಾನು ಬಾಯಿ ತೆರೆದು ಎರಡು ಮಾತಾಡುವಷ್ಟರಲ್ಲಿ ಕನ್ನಡದವಳೆಂದು ಹಿಡಿದುಬಿಟ್ಟರು. ಗುಂಪಿನ ಉಳಿದ ಒಂಬತ್ತು ಮಂದಿಗೆ ಹಿಂದಿ, ಇಂಗ್ಲಿಷಿನಲ್ಲಿ ಪಾಠ ನಡೆದರೆ ನನಗೆ ಮಾತ್ರ ಕನ್ನಡದಲ್ಲಿ ಬೈಗುಳ ಸಿಗುತ್ತಿತ್ತು.

"ಮೇಡಂ, ನೀವೇನು ಲೋಕಲ್ ಹಿಡಿಯೋಕೆ ಹೋಗ್ತಾ ಇದೀರಾ? ಗಂಟೆಗೆ ಒಂದು ಕಿಲೋಮೀಟರು ಸಾಕು. ಅದಕ್ಕಿಂತ ಜೋರಾಗಿ ಹೋದ್ರೆ ಪ್ರಾಣಿಗಳು ನಿಮ್ಮನ್ನ ನೋಡ್ತವೆ, ನಿಮಗೆ ಏನೂ ಕಾಣಲ್ಲ."

ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಬೆಳೆದವಳಿಗೆ ಗಂಟೆಗೆ ಒಂದು ಕಿಲೋಮೀಟರ್ ನಡೆಯುವುದನ್ನು ಕಲಿಸಲು ಅವರಿಗೆ ಎರಡು ವಾರ ಬೇಕಾಯಿತು.

ನಾವು ನಡೆದದ್ದು ಯಾವ ಗುಡ್ಡದ ಮೇಲೆಂದು ಇಲ್ಲಿ ಹೇಳುವುದಿಲ್ಲ. ಈಗ ಹೇಳಿ ಪ್ರಯೋಜನವೂ ಇಲ್ಲ. ಉತ್ತರದ ಒಂದು ಸಬರ್ಬಿನಲ್ಲಿ, ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಇಪ್ಪತ್ತು ನಿಮಿಷದ ದಾರಿ. ಒಂದು ಬದಿಗೆ ಬಿಲ್ಡಿಂಗುಗಳು, ಇನ್ನೊಂದು ಬದಿಗೆ ದೊಡ್ಡ ಕಾಡು, ನಡುವೆ ಈ ಗುಡ್ಡ. ಗುಡ್ಡದ ಬುಡದಲ್ಲಿ ಒಂದು ತೊರೆ. ತೊರೆಯ ದಂಡೆಯಲ್ಲಿ ಇಪ್ಪತ್ತು ಮನೆಗಳ ಆದಿವಾಸಿ ಕೇರಿ, ಅಲ್ಲಿಯವರ ಮಾತಿನಲ್ಲಿ ಪಾಡಾ. ಆ ವರ್ಷ ಗುಡ್ಡವನ್ನು ಸಮ ಮಾಡಿ ದೊಡ್ಡ ಗಾಡಿಗಳು ನಿಲ್ಲುವ ಯಾರ್ಡ್ ಕಟ್ಟುವ ಮಾತು ಎದ್ದಿತ್ತು. ಕಟ್ಟಿದರೆ ತೊರೆಯೂ ಹೋಗುತ್ತದೆ, ಪಾಡಾದವರೂ ಜಾಗ ಬಿಟ್ಟು ಏಳಬೇಕಾಗುತ್ತದೆ. ಗುಡ್ಡದಲ್ಲಿ ಕಾಡುಪ್ರಾಣಿ ಓಡಾಡುತ್ತದೆ ಎಂದು ಕಾಗದದ ಮೇಲೆ ಬಂದರೆ ಯಾರ್ಡನ್ನು ಬೇರೆ ಕಡೆಗೆ ಒಯ್ಯಬಹುದು ಎಂದು ಪಾಡಾದವರು ನಂಬಿದ್ದರು. ನಾವು ಹತ್ತು ಮಂದಿಯೂ ನಂಬಿದ್ದೆವು. ಸರ್ ನಂಬಿದ್ದರೋ ಇಲ್ಲವೋ ಗೊತ್ತಿಲ್ಲ, ಆದರೆ ಕಲಿಯಲು ಬೇರೆ ಗುಡ್ಡಗಳಿದ್ದರೂ ಇದನ್ನೇ ಆರಿಸಿದ್ದರು.

ನಮಗೆ ದಾರಿ ತೋರಿಸಲು ಪಾಡಾದಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದೆವು, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಒಣಕಲು ಮೈ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ, ಕಾಲಿಗೆ ಚಪ್ಪಲಿ ಇಲ್ಲ. ಅರ್ಧ ತಲೆ ಬೆಳ್ಳಗಾಗಿದ್ದ ನನ್ನನ್ನು 'ಪೋರಿ' ಎಂದು, ಅಂದರೆ ಹುಡುಗಿ ಎಂದು ಕರೆಯುತ್ತಿದ್ದಳು. ಅವಳ ಮಾತೆಲ್ಲ ಅವಳ ಬಗೆಯ ಮರಾಠಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆ ಮಾತಿನ ಖಾರ ಅಷ್ಟೂ ಬಂದಿರಲಾರದು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ನಾವು ಹಾಳೆಯ ಮೇಲೆ ಏನು ಗೀಚಿದರೂ ಬಗ್ಗಿ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಬರೆದುಕೊಂಡೆಯಾ?"

ಕಲಿಕೆ ಎಂದರೆ ಇಷ್ಟು. ಗುಡ್ಡದ ಮೇಲೆ ಎರಡು ನೇರ ಗೆರೆಗಳನ್ನು ಗೊತ್ತು ಮಾಡಿ ಮರಗಳಿಗೆ ಕೆಂಪು ರಿಬ್ಬನ್ ಕಟ್ಟಿದ್ದೆವು. ಬೆಳಕು ಹರಿಯುವ ಹೊತ್ತಿಗೆ ಅದರ ಮೇಲೆ ಸದ್ದಿಲ್ಲದೆ ನಡೆಯಬೇಕು. ಪ್ರಾಣಿ ಕಂಡರೆ ಯಾವುದು, ಎಷ್ಟು, ಗೆರೆಯಿಂದ ಎಷ್ಟು ದೂರ ಎಂದು ಹಾಳೆಯಲ್ಲಿ ತುಂಬಬೇಕು. ಹಾಳೆಯ ಕೊನೆಯ ಕಾಲಂ ಷರಾ. ಏನೂ ಕಾಣದಿದ್ದರೆ ಪ್ರಾಣಿಯ ಕಾಲಮನ್ನು ಖಾಲಿ ಬಿಡುವಂತಿಲ್ಲ, ಸೊನ್ನೆ ಹಾಕಬೇಕು. ಖಾಲಿ ಎಂದರೆ ನೋಡಲೇ ಇಲ್ಲ ಎಂದರ್ಥ. ಸೊನ್ನೆ ಎಂದರೆ ನೋಡಿದೆವು, ಇರಲಿಲ್ಲ ಎಂದರ್ಥ. ಈ ವ್ಯತ್ಯಾಸ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ತಲೆಗೆ ಹೋದದ್ದು ನನಗೆ. ನಮ್ಮ ಲ್ಯಾಬಿನ ಧರ್ಮವೂ ಅದೇ ತಾನೆ. ಕಂಡದ್ದನ್ನು ಬರೆ, ಕಾಣದ್ದನ್ನು ಕಾಣಲಿಲ್ಲ ಎಂದು ಬರೆ, ಡಾಕ್ಟರು ಎಷ್ಟು ಆಸೆಯಿಂದ ನೋಡುತ್ತಿದ್ದರೂ ಊಹೆ ಬರೆಯಬೇಡ.

ಗೆರೆಗೆ ಐದೈದು ಮಂದಿ, ನಡಿಗೆಗೆ ಒಂದು ಹಾಳೆ, ನಮ್ಮ ಗೆರೆಯದನ್ನು ಬರೆಯುವವಳು ನಾನು. ಸರ್ ನನ್ನ ಹಾಳೆಗಳನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸುತ್ತಿದ್ದರು. ನಾನು ಉಬ್ಬಿ ಹೋಗಿದ್ದೆ. ಅದನ್ನು ಮುಚ್ಚಿಟ್ಟು ಏನು ಮಾಡಲಿ, ಆ ವಯಸ್ಸಿನಲ್ಲಿ ಒಬ್ಬ ಮೇಷ್ಟರಿಂದ ಶಭಾಸ್ ಎನ್ನಿಸಿಕೊಳ್ಳುವುದು ಎಷ್ಟು ಮಂದಿಗೆ ಸಿಗುತ್ತದೆ. ಮೊದಲ ಭಾನುವಾರ ಸೊನ್ನೆ. ಎರಡನೆಯ ಭಾನುವಾರ ಸೊನ್ನೆ. ನನ್ನ ಸೊನ್ನೆಗಳು ದುಂಡಗೆ, ಎಲ್ಲೂ ಬಾಯಿ ಬಿಡದೆ, ಬಹಳ ಚೆನ್ನಾಗಿರುತ್ತಿದ್ದವು.

ಮೂರನೆಯ ವಾರ ಮಾವಶಿಗೆ ತಾಳ್ಮೆ ಕೆಟ್ಟಿತು.

"ಭಾನುವಾರ ಅದು ಇಲ್ಲಿಗೆ ಯಾಕೆ ಬರುತ್ತದೆ ಪೋರಿ?" ಎಂದಳು. ಚಿರತೆಗೂ ಅವಳು ವಾಘ್, ಅಂದರೆ ಹುಲಿ, ಎಂದೇ ಹೇಳುತ್ತಿದ್ದಳು. "ನಿಮ್ಮ ಬಿಲ್ಡಿಂಗಿನವರೆಲ್ಲ ಭಾನುವಾರ ಇಲ್ಲೇ ಇರುತ್ತಾರೆ. ವಾಘ್‌ಗೆ ವಾರ ಗೊತ್ತಿಲ್ಲ ಅಂದುಕೊಂಡೆಯಾ? ಶನಿವಾರ ಸಂಜೆಯೇ ಮೇಲೆ ಹೋಗಿಬಿಡುತ್ತದೆ. ಬುಧವಾರ ಬಾ. ತೊರೆಗೆ ನೀರಿಗೆ ಹೋದರೆ ನನ್ನ ಕೊಡದ ಪಕ್ಕದಲ್ಲೇ ಹೆಜ್ಜೆ ಇರುತ್ತದೆ."

ಅವಳ ಮಾತು ನಿಜವಾಗಿತ್ತು. ಭಾನುವಾರ ಬೆಳಗಾಗುವ ಮೊದಲೇ ಕೆಳಗಿನ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟುತ್ತಿದ್ದವು. ಸೈಕಲ್ಲಿನವರು, ಜೇಬಿನಲ್ಲಿ ಭಜನೆ ಹಾಕಿಕೊಂಡು ವಾಕಿಂಗ್ ಬರುವ ಅಜ್ಜಂದಿರು, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಉದ್ದ ಗೌನಿನ ಹುಡುಗಿಯರು, ಅವರ ತಲೆಯ ಮೇಲೆ ಗುಂಯ್ಗುಡುವ ಡ್ರೋನು. ಒಮ್ಮೆ ನಮ್ಮ ಗೆರೆಯ ಮೇಲೆಯೇ ಒಬ್ಬ ಮದುಮಗ ಮಂಡಿಯೂರಿ ಗುಲಾಬಿ ಹಿಡಿದುಕೊಂಡಿದ್ದ. ದೂರ ಅಳೆದು ಬರೆಯಲೇ ಎಂದು ನಾನು ಸರ್ ಅವರನ್ನು ಕೇಳಿದೆ. ಅವರಿಗೆ ನಗು ಬರಲಿಲ್ಲ.

"ಅವಳು ಹೇಳೋದು ಸರಿ ಮೇಡಂ," ಎಂದರು. "ನಾವು ಹತ್ತೂ ಜನ ನೌಕರಿ ಮಾಡೋರು, ಭಾನುವಾರ ಬಿಟ್ರೆ ಬಿಡುವಿಲ್ಲ. ಆದ್ರೂ ಒಬ್ಬರಾದ್ರೂ ಎರಡು ಬುಧವಾರ ನಡೆದ್ರೆ ಅದನ್ನೂ ಸೇರಿಸ್ಬಹುದು. ನನ್ನ ಮೊಣಕಾಲು ಒಂಟಿಯಾಗಿ ಹತ್ತಲ್ಲ. ನಿಮಗೆ ರಜೆ ಸಿಗುತ್ತಾ ನೋಡಿ."

ನೋಡುತ್ತೇನೆ ಎಂದೆ. ನನ್ನಲ್ಲಿ ಏಳು ರಜೆ ಇದ್ದವು. ಕುಂದಾಪುರದಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆ ಇತ್ತು, ಅಮ್ಮ ಆರು ತಿಂಗಳಿಂದ ಅದಕ್ಕೆ ಸೀರೆ ಆರಿಸುತ್ತಿದ್ದಳು. ಏಳರಲ್ಲಿ ಎರಡು ಕೊಟ್ಟಿದ್ದರೆ ಮದುವೆಯೇನೂ ನಿಲ್ಲುತ್ತಿರಲಿಲ್ಲ. ಕೊಡಲಿಲ್ಲ. ಮದುವೆಗೆ ಹೋದೆ, ಕಂಡವರೆಲ್ಲ ನಿನ್ನದು ಯಾವಾಗ ಎಂದು ಕೇಳುವುದನ್ನು ಬಿಟ್ಟಿದ್ದರು, ಹಾಗಾಗಿ ಅಲ್ಲಿ ನನಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಆ ವಾರದ ಬುಧವಾರ ಹೋಳಿಗೆ ತಿನ್ನುತ್ತ ಕೂತಿದ್ದೆ.

ಆರನೆಯ ಭಾನುವಾರ ಸರ್ ಇನ್ನೊಂದು ಗೆರೆಯ ಗುಂಪಿನ ಜೊತೆ ಹೋಗಿದ್ದರು. ನಮ್ಮ ಗೆರೆಯ ನಡಿಗೆ ಮುಗಿಸಿ, ಸೊನ್ನೆ ಬರೆದು ಇಳಿಯುತ್ತಿದ್ದಾಗ ಮಾವಶಿ ನನ್ನ ಕೈ ಹಿಡಿದು ತೊರೆಯ ಕಡೆಗೆ ಎಳೆದುಕೊಂಡು ಹೋದಳು. ದಂಡೆಯ ಹಸಿ ಮಣ್ಣಿನ ಮೇಲೆ ಒಂದು ಘಮೇಲಾ ಕವುಚಿ ಹಾಕಿತ್ತು. ಕಟ್ಟಡದ ಕೆಲಸದವರು ಕಾಂಕ್ರೀಟ್ ಹೊರುವ ಕಬ್ಬಿಣದ ಬುಟ್ಟಿ ಅದು. ಮೇಲೆ ಒಂದು ಕಲ್ಲು ಹೇರಿದ್ದಳು.

ಕಲ್ಲು ಇಳಿಸಿ ಘಮೇಲಾ ಎತ್ತಿದಳು. ಕೆಳಗೆ ಹೆಜ್ಜೆ ಇತ್ತು. ನಾಲ್ಕು ಬೆರಳು, ಹಿಂದೆ ಮೂರು ಉಬ್ಬಿನ ಅಂಗಾಲು, ಉಗುರಿನ ಗುರುತಿಲ್ಲ. ನಾಯಿಯದಾದರೆ ಉಗುರು ಮೂಡಿರಬೇಕು. ಪುಸ್ತಕದಿಂದ ಕತ್ತರಿಸಿ ಇಟ್ಟ ಹಾಗೆ ಇತ್ತು.

"ಶುಕ್ರವಾರ ಬೆಳಗ್ಗೆ ನೀರಿಗೆ ಬಂದಾಗ ನೋಡಿದೆ," ಎಂದಳು. "ಭಾನುವಾರದೊಳಗೆ ದನ ತುಳಿದುಬಿಡುತ್ತದಲ್ಲ, ಅದಕ್ಕೇ ಮುಚ್ಚಿಟ್ಟೆ. ಎರಡು ದಿನ ಮಕ್ಕಳನ್ನು ಈ ಕಡೆ ಬಿಡಲಿಲ್ಲ. ಮೊಮ್ಮಗನಿಗೆ ಎರಡು ಬಿಗಿದೆ ಕೂಡ."

ಹೆಜ್ಜೆಯ ಅಚ್ಚು ತೆಗೆಯುವ ಪ್ಲಾಸ್ಟರ್ ಚೀಲದಲ್ಲಿತ್ತು. ನೀರಿಗೆ ಹಾಕಿ ಕಲಸಿದೆ. ದೋಸೆ ಹಿಟ್ಟಿನ ಹದ ಇರಬೇಕು ಎಂದು ಸರ್ ಹೇಳಿಕೊಟ್ಟಿದ್ದರು. ನನ್ನ ಮೊದಲ ಸಲದ್ದು ನೀರುದೋಸೆಯಾಗಿ ಹರಿದುಹೋಗಿತ್ತು, ಈ ಸಲ ಸರಿಯಾಗಿ ಬಂತು. ಹೊಯ್ದು, ಅದು ಗಟ್ಟಿಯಾಗುವ ಮೊದಲು ಬೆನ್ನ ಮೇಲೆ ಕಡ್ಡಿಯಿಂದ ತಾರೀಕು, ಜಾಗ, ನೋಡಿದವರ ಹೆಸರು ಗೀಚಬೇಕು. ಕಡ್ಡಿ ಹಿಡಿದು ಕೂತೆ. ಯಾವ ತಾರೀಕು ಹಾಕುವುದು? ನಾನು ನೋಡಿದ್ದು ಭಾನುವಾರ. ಹೆಜ್ಜೆ ಬಿದ್ದದ್ದು ಶುಕ್ರವಾರ ಎಂದು ಇವಳು ಹೇಳುತ್ತಾಳೆ, ನಾನು ನೋಡಿಲ್ಲ. ಗೆರೆಯಿಂದಲೂ ಆಚೆ ಇದೆ. ಮೇಲಾಗಿ ಯಾರೋ ಕೈಯಾಡಿಸಿ ಮುಚ್ಚಿಟ್ಟದ್ದು.

ನಮ್ಮ ಲ್ಯಾಬಿಗೆ ಚೀಟಿ ಇಲ್ಲದ, ಯಾವಾಗ ತೆಗೆದದ್ದೆಂದು ಗೊತ್ತಿಲ್ಲದ ಬಾಟಲಿ ಬಂದರೆ ನಾವು ಪರೀಕ್ಷೆ ಮಾಡುವುದಿಲ್ಲ, ವಾಪಸು ಕಳಿಸುತ್ತೇವೆ. ಬಾಗಿಲಲ್ಲಿ ರೋಗಿಯ ಅಣ್ಣನೋ ತಮ್ಮನೋ ಕೈಮುಗಿದು ನಿಂತರೂ ಕಳಿಸುತ್ತೇವೆ. ಹದಿನೆಂಟು ವರ್ಷ ಅದನ್ನೇ ಮಾಡಿದವಳು ನಾನು. ಯೋಚಿಸುತ್ತ ಕೂತಿರುವಾಗಲೇ ಪ್ಲಾಸ್ಟರ್ ಗಟ್ಟಿಯಾಯಿತು. ಕಡ್ಡಿ ಇಳಿಯಲಿಲ್ಲ.

ಹಾಳೆ, ಪೆನ್ಸಿಲ್ಲು ತೆಗೆದೆ. ಪ್ರಾಣಿಯ ಕಾಲಮಿನಲ್ಲಿ ಆಗಲೇ ಸೊನ್ನೆ ಇತ್ತು. ಷರಾ ಖಾಲಿ ಇತ್ತು. ನಡಿಗೆ ಮುಗಿದಾಗ ಹಾಳೆಯ ಮೇಲ್ತುದಿಯಲ್ಲಿ ಬರೆಯಬೇಕಾದ ಹವಾಮಾನ ಬರೆದಿರಲಿಲ್ಲ, ಅದನ್ನು ತುಂಬಿದೆ. ಮೋಡ ಇಲ್ಲ, ಗಾಳಿ ಕಡಿಮೆ, ನೆಲ ಒದ್ದೆ. ಮಾವಶಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಬರೆದುಕೊಂಡೆಯಾ?"

"ಬರೆದೆ," ಎಂದೆ. ಹವಾಮಾನ ಬರೆದದ್ದು ಸುಳ್ಳಲ್ಲವಲ್ಲ.

ಅವಳ ಮುಖ ಅರಳಿತು. ಘಮೇಲಾವನ್ನು ತೊರೆಯಲ್ಲಿ ತೊಳೆದು ತಲೆಯ ಮೇಲೆ ಕವುಚಿಕೊಂಡು ಹಾಡು ಗುನುಗುತ್ತ ಮನೆಗೆ ಹೋದಳು. ಪ್ಲಾಸ್ಟರಿನ ಅಚ್ಚನ್ನು ನಾನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಸರ್‌ಗೆ ತೋರಿಸಲಿಲ್ಲ. ಹೆಸರು ತಾರೀಕು ಇಲ್ಲದ ಅಚ್ಚು ತೋರಿಸಿ ಮರ್ಯಾದೆ ಕಳೆದುಕೊಳ್ಳುವುದು ಬೇಡವೆನ್ನಿಸಿತು. ಇದನ್ನು ಬರೆಯುವಾಗ ನನಗೆ ನನ್ನ ಮೇಲೆ ಬರುವ ಸಿಟ್ಟಿಗೆ ಅಳತೆ ಇಲ್ಲ.

ಎಂಟು ವಾರ ಮುಗಿಯಿತು. ಚಹಾ, ಸಮೋಸ, ಸರ್ಟಿಫಿಕೇಟು. ಅಮ್ಮ ಅದಕ್ಕೆ ಫ್ರೇಮು ಹಾಕಿಸಿದಳು.

ಆಮೇಲೆ ನಡೆದದ್ದು ಇಷ್ಟು. ಯಾರ್ಡ್ ಕಟ್ಟುವವರಿಗೆ ಪರಿಸರದ ವರದಿ ಬರೆದುಕೊಡುವ ಕಂಪನಿಯೊಂದು ಸರ್ ಅವರ ಹತ್ತಿರ ಬಂದು ನಮ್ಮ ಹಾಳೆಗಳನ್ನು ಕೇಳಿತು. ಆ ಗುಡ್ಡದ ಮೇಲೆ ಕ್ರಮವಾಗಿ ನಡೆದು ಬರೆದಿಟ್ಟವರು ಬೇರೆ ಯಾರೂ ಇರಲಿಲ್ಲ. ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ ಎಂದು ಸರ್ ಕೊಟ್ಟರು. ಇದು ಕಲಿಯುವವರ ಅಭ್ಯಾಸ, ಎಲ್ಲವೂ ಭಾನುವಾರದ್ದು, ಇದರಿಂದ ತೀರ್ಮಾನಕ್ಕೆ ಬರಬಾರದು ಎಂದು ಒಂದು ಪತ್ರವನ್ನೂ ಜೊತೆಗೆ ಇಟ್ಟಿದ್ದರು. ವರದಿಯಲ್ಲಿ ಹಾಳೆಗಳು ಬಂದವು, ಪತ್ರ ಬರಲಿಲ್ಲ.

ಜನರ ಅಹವಾಲು ಕೇಳುವ ಸಭೆ ಒಂದು ಶಾಲೆಯ ಹಾಲಿನಲ್ಲಿ ನಡೆಯಿತು. ಅವತ್ತು ರಜೆ ಹಾಕಿದೆ. ಪಾಡಾದವರು ಹಿಂದೆ ನೆಲದ ಮೇಲೆ ಕೂತಿದ್ದರು, ಮಾವಶಿ ತಲೆಗೆ ಎಣ್ಣೆ ಹಚ್ಚಿ ಬಾಚಿ ಬಂದಿದ್ದಳು. ವೇದಿಕೆಯ ಮೇಲಿನವನು ಇಂಗ್ಲಿಷಿನಲ್ಲಿ ಓದಿದ. ಎಂಟು ದಿನ, ಎರಡು ಗೆರೆ, ಹದಿನಾರು ನಡಿಗೆ. ದೊಡ್ಡ ಕಾಡುಪ್ರಾಣಿ, ಸೊನ್ನೆ. ಪರದೆಯ ಮೇಲೆ ಮಾದರಿಗೆಂದು ಒಂದು ಹಾಳೆ ತೋರಿಸಿದರು. ಎಲ್ಲದಕ್ಕಿಂತ ಸ್ಪಷ್ಟವಾದ ಅಕ್ಷರ ಯಾವುದೋ ಅದನ್ನೇ ಆರಿಸಿದ್ದರು. ಅದು ನನ್ನದು.

ಸರ್ ಕೋಲೂರಿ ಎದ್ದು ನಿಂತರು. ಭಾನುವಾರದ ಗದ್ದಲದ ಬಗ್ಗೆ ಹೇಳಿದರು, ಪಾಡಾದವರು ವಾರವಿಡೀ ಹೆಜ್ಜೆ ನೋಡುತ್ತಾರೆ ಎಂದರು. ವೇದಿಕೆಯ ಮೇಲಿನವನು ಸಭ್ಯ ಮನುಷ್ಯ, ಸಿಟ್ಟಾಗಲಿಲ್ಲ.

"ಅದನ್ನೆಲ್ಲ ಬರೆಯಲು ನಿಮ್ಮ ಹಾಳೆಯಲ್ಲೇ ಷರಾ ಎಂದು ಜಾಗ ಇದೆಯಲ್ಲ ಸರ್," ಎಂದು ಇಂಗ್ಲಿಷಿನಲ್ಲೇ ಹೇಳಿದ. "ಹದಿನಾರು ಹಾಳೆಗಳಲ್ಲೂ ಅದು ಖಾಲಿ ಇದೆ."

ಅಚ್ಚು ನನ್ನ ಚೀಲದಲ್ಲೇ ಇತ್ತು. ಎದ್ದು ಹೋಗಿ ಮೇಜಿನ ಮೇಲಿಡಬಹುದಿತ್ತು. ಆ ಮೇಜಿನ ಹಿಂದೆ ನಾನೇ ಕೂತಿದ್ದರೆ ಏನು ಕೇಳುತ್ತಿದ್ದೆ ಎಂದು ಯೋಚಿಸಿದೆ. ಯಾವಾಗಿನದು, ಎಲ್ಲಿಯದು, ಯಾರು ತೆಗೆದದ್ದು, ಚೀಟಿ ಎಲ್ಲಿ. ವಾಪಸು ಕಳಿಸುತ್ತಿದ್ದೆ. ಚೀಲವನ್ನು ಮಡಿಲಿಗೆ ಎಳೆದುಕೊಂಡು ಕೂತೇ ಇದ್ದೆ.

ಹೊರಗೆ ಚಹಾದ ಅಂಗಡಿಯ ಮುಂದೆ ಸರ್‌ಗೆ ಅಚ್ಚು ತೋರಿಸಿದೆ, ಎಲ್ಲ ಹೇಳಿದೆ. ಅವರು ಅದನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು.

"ಗಂಡು," ಎಂದರು. "ಎಷ್ಟು ಚೆನ್ನಾಗಿ ಹೊಯ್ದಿದೀರಿ." ಆಮೇಲೆ ಮೆಲ್ಲಗೆ ಹೇಳಿದರು. "ಎರಡೂ ತಾರೀಕು ಬರೀಬೇಕಿತ್ತು ಕಣ್ರೀ ಮೇಡಂ. ಇಂಥವರು ಶುಕ್ರವಾರ ನೋಡಿದ್ದು, ನಾನು ಭಾನುವಾರ ನೋಡಿದ್ದು ಅಂತ. ಷರಾ ಇರೋದೇ ಅದಕ್ಕೆ. ನಿಮಗೆ ಸೊನ್ನೆ ಬರೆಯೋದು ಕಲಿಸ್ದೆ, ಇದನ್ನ ಕಲಿಸ್ಲಿಲ್ಲ. ತಪ್ಪು ನಂದೇ."

ತಪ್ಪು ಅವರದಲ್ಲ. ಅವಳ ಕಣ್ಣು ನನ್ನ ಕಣ್ಣಿನಷ್ಟು ನಂಬಿಕೆಗೆ ತಕ್ಕದ್ದೆಂದು ನನಗೆ ಆ ದಿನ ಅನ್ನಿಸಲಿಲ್ಲ, ಅಷ್ಟೇ. ಅದನ್ನು ಯಾವ ಕೋರ್ಸಿನಲ್ಲಿ ಕಲಿಸುತ್ತಾರೋ ತಿಳಿಯದು.

ಮಳೆಗಾಲಕ್ಕೆ ಮುಂಚೆ ಗುಡ್ಡದ ಸುತ್ತ ನೀಲಿ ತಗಡು ಬಂತು. ಮಳೆಗಾಲ ಮುಗಿದಾಗ ತಗಡಿನ ಮೇಲಿಂದ ಕಾಣುತ್ತಿದ್ದ ಮರಗಳು ಕಾಣುತ್ತಿರಲಿಲ್ಲ. ಪಾಡಾದವರಿಗೆ ಮೂರು ಸ್ಟೇಷನ್ ಆಚೆಯ ಬಿಲ್ಡಿಂಗುಗಳಲ್ಲಿ ಒಂದೊಂದು ಕೋಣೆ ಕೊಟ್ಟಿದ್ದರು. ವಿಳಾಸ ಹುಡುಕಿಕೊಂಡು ಒಂದು ಬುಧವಾರ ಹೋದೆ. ರಜೆ ಹಾಕಿಯೇ ಹೋದೆ, ಈಗ ಹಾಕಿ ಏನು ಬಂತು.

ಏಳನೇ ಮಾಳಿಗೆ. ಲಿಫ್ಟು ಕೆಟ್ಟಿತ್ತು. ಮಾವಶಿ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಮೊದಲ ಸಲ ಅವಳ ಕಾಲಲ್ಲಿ ಚಪ್ಪಲಿ ನೋಡಿದೆ, ಟೈಲ್ಸು ತಣ್ಣಗೆ ಕೊರೆಯುತ್ತದಂತೆ. ಮಗ ಕೆಲಸ ಹುಡುಕುತ್ತಿದ್ದಾನೆ ಎಂದಳು, ನೀರು ದಿನಕ್ಕೆ ಒಂದು ಗಂಟೆ ಎಂದಳು. ಚಹಾ ಮಾಡಿಕೊಟ್ಟಳು. ನಾನು ಹೇಳಬೇಕೆಂದು ಹೋದದ್ದನ್ನು ಹೇಳಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ನಿನ್ನ ಮುಖ ಯಾಕೆ ಹೀಗಿದೆ ಪೋರಿ? ನೀನೇನು ಮಾಡಿದೆ ಪಾಪ. ಸಭೆಯಲ್ಲಿ ಅವರು ಇಲ್ಲ ಅಂತ ಓದಿದರಂತೆ, ಆಮೇಲೆ ಮಗ ಹೇಳಿದ. ನಾನು ಎಲ್ಲರಿಗೂ ಹೇಳಿದೆ, ಆ ಪೋರಿ ಬರೆದಿದ್ದಳು, ನಾನೇ ಪಕ್ಕದಲ್ಲಿ ಕೂತು ನೋಡಿದ್ದೇನೆ ಅಂತ. ಆಫೀಸಿನವರು ಅಳಿಸಿದ್ದಾರೆ. ಪೆನ್ಸಿಲ್ಲಿನಲ್ಲಿ ಬರೆದಿದ್ದೆಯಲ್ಲ, ಅವರಿಗೆ ಸುಲಭವಾಯಿತು."

ನನ್ನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಇನ್ನು ಮೇಲೆ ಪೆನ್ನಿನಲ್ಲಿ ಬರಿ," ಎಂದಳು.

"ಹೂಂ ಮಾವಶಿ," ಎಂದೆ.